ಹೆಂಡತಿಯ ತಲೆಯೊಳಗಿನ ಬಾದಾಮಿ

ಇರ್ಬಿದ್ ಪಟ್ಟಣದ ಡಾಕ್ಟರ್ ವಸ್ಫಿಗೆ ಮನುಷ್ಯರ ಮೆದುಳಿನ ಮೂಲೆ ಮೂಲೆಯೂ ಗೊತ್ತಿತ್ತು, ಹೆಂಡತಿ ತಗ್ರೀದಳ ಮೆದುಳೊಂದನ್ನು ಬಿಟ್ಟು. ದಾಂಪತ್ಯದಲ್ಲಿ ಮೆದುಳಿನ ಪಾತ್ರ ಎಂಬುದೇ ಅವನು ಕಾಲೇಜಿನಲ್ಲಿ ಹೇಳಿಕೊಡುವ ವಿಷಯ. ಅಂಥವನ ಹೆಂಡತಿಯೇ ಮುನಿಸಿಕೊಂಡು ತವರು ಸೇರಿದ್ದಳು.

ಆದದ್ದಿಷ್ಟೆ. ರಾಜಧಾನಿ ಅಮ್ಮಾನಿಗೆ ಕಾರಿನಲ್ಲಿ ಹೋದವನು ಫೋನೂ ಮಾಡದೆ ತೀರಾ ತಡವಾಗಿ ಬಂದ. ದ್ರಾಕ್ಷಿ ಎಲೆಯಲ್ಲಿ ಅಕ್ಕಿ, ಮಾಂಸ ತುಂಬಿ ಸುರುಳಿ ಸುತ್ತುತ್ತಿದ್ದ ತಗ್ರೀದ್ ತರಾಟೆಗೆ ತೆಗೆದುಕೊಂಡಳು. ತಪ್ಪಾಯಿತು ಎಂದಿದ್ದರೆ ಮುಗಿದುಹೋಗುತ್ತಿತ್ತು. (ಅಷ್ಟು ಹೇಳಲು ಡಾಕ್ಟರೇಟ್ ಬೇಕಿಲ್ಲ. ತೊಂದರೆಯೇ ಅದು.)

"ನೋಡು, ಈಗ ಬೈತಿರೋದು ನೀನಲ್ಲ. ಮೆದುಳಿನೊಳಗೆ ಬಾದಾಮಿಯಷ್ಟು ಒಂದು ಗಂಟಿದೆ, ಅದು ಬೈತಿದೆ. ಅದು ತಣ್ಣಗಾಗೋವರೆಗೂ ನಿನ್ನ ಹತ್ರ ಮಾತಾಡಿ ಉಪಯೋಗ ಇಲ್ಲ."

ತಗ್ರೀದ್ ಕೈ ತೊಳೆದುಕೊಂಡಳು. "ಹಾಗಾದ್ರೆ ಈ ಬಾದಾಮಿನ ಅಪ್ಪನ ಮನೇಲಿಟ್ಟು ತಣಿಸ್ತೀನಿ. ಉಳಿದ ಎಲೆನ ನಿಮ್ಮ ಮೆದುಳಿಗೆ ಹೇಳಿ ಸುತ್ತಿಸ್ಕೊಳ್ಳಿ."

ಮನೆ ಬಿಕೋ ಎನ್ನತೊಡಗಿತು. ಬೈಗುಳದ ನಂಜಿಕೆಯಿಲ್ಲದೆ ವಸ್ಫಿಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಕೊನೆಗೆ ಕ್ರಮದಂತೆ ದೊಡ್ಡಪ್ಪ ಅಬು ಸುಲ್ತಾನರನ್ನೂ ಊರಿನ ಒಂದಿಬ್ಬರು ಹಿರಿಯರನ್ನೂ ಮುಂದಿಟ್ಟುಕೊಂಡು ಮಾವ ಅಬು ಗಾಲಿಬರ ಮನೆಗೆ ಹೋದ. "ನೀನು ಮಾತ್ರ ಬಾಯಿ ಬಿಡಬೇಡಪ್ಪ" ಎಂದು ದೊಡ್ಡಪ್ಪ ದಾರಿಯುದ್ದಕ್ಕೂ ಹೇಳಿದ್ದರು.

ಕಾಫಿ ಬಂತು. ದೊಡ್ಡಪ್ಪ ಬಟ್ಟಲನ್ನು ತುಟಿಗೆ ತಾಗಿಸದೆ ಕೆಳಗಿಟ್ಟರು. ಕೇಳಲು ಬಂದದ್ದು ಸಿಗುವವರೆಗೆ ಕುಡಿಯುವಂತಿಲ್ಲ. ಮಾವ 'ಕುಡೀರಿ' ಎಂದರೆ ಹೆಂಡತಿ ಸಿಕ್ಕಳೆಂದೇ ಅರ್ಥ.

"ಕುಡೀರಿ ಅಂತೀನಂತೆ," ಎಂದರು ಮಾವ. "ಅಳಿಯಂದಿರು ನನ್ನ ಮಗಳಿಗೆ ಅಂದಿದ್ದೇನು, ಅದನ್ನ ಮೊದಲು ಹೇಳ್ಲಿ."

ಮೇಷ್ಟ್ರಿಗೆ ಪ್ರಶ್ನೆ ಕೇಳಿದರೆ ಕೇಳಬೇಕೆ? ದೊಡ್ಡಪ್ಪ ಕೆಮ್ಮುತ್ತಿದ್ದಂತೆಯೇ ವಸ್ಫಿ ಬಾದಾಮಿಯ ಸಮಸ್ತ ಪುರಾಣವನ್ನೂ ಬಿಚ್ಚಿದ. ಮಾವನವರ ಮುಖ ಅರಳಿತು. ಇಡೀ ಆಯುಷ್ಯದ ಒಗಟು ಬಿಡಿಸಿದವರಂತೆ ಅಡುಗೆಮನೆಯತ್ತ ತಿರುಗಿ, "ಕೇಳಿಸ್ತೇನೇ? ಇಷ್ಟು ವರ್ಷ ನನ್ನ ಬೈದಿದ್ದು ನೀನಲ್ವಂತೆ, ಬಾದಾಮಿಯಂತೆ," ಎಂದರು.

ಒಳಗೆ ಪಾತ್ರೆಯ ಸದ್ದು ನಿಂತಿತು. ಅತ್ತೆ ಉಮ್ಮ್ ಗಾಲಿಬ್ ಸೌಟು ಕುಕ್ಕಿದರು. ಬಾಗಿಲಿಗೆ ಬಂದವಳು ತಗ್ರೀದ್.

"ಇಷ್ಟೆಲ್ಲ ಗೊತ್ತಲ್ಲ ಡಾಕ್ಟ್ರೇ, ಆ ಬಾದಾಮಿ ಬಿಸಿಯಾಗೋದು ಯಾತಕ್ಕೆ?"

"ಮುಖ್ಯವಾಗಿ, ಭಯ ಆದಾಗ..." ಎಂದು ಪಾಠ ಶುರುಮಾಡಿದವನು ಅಲ್ಲೇ ನಿಲ್ಲಿಸಿದ. ಅಮ್ಮಾನಿನ ರಸ್ತೆ, ಕತ್ತಲು, ತಾನು ಮಾಡದ ಫೋನು, ಎಲ್ಲವೂ ಒಟ್ಟಿಗೆ ನೆನಪಾಯಿತು. "ನೀನು ಹೆದರಿದ್ದೆ," ಎಂದ.

"ಕಾರು ಎಲ್ಲೋ ಉರುಳಿದೆ ಅಂತ ಕೂತಿದ್ದೆ. ಒಂದು ಎಲೆನೂ ನೆಟ್ಟಗೆ ಸುತ್ತೋಕಾಗ್ಲಿಲ್ಲ."

"ತಪ್ಪಾಯ್ತು, ತಗ್ರೀದ್."

ಹಿರಿಯರೆಲ್ಲ ನೆಲ ನೋಡಿದರು. ಅವಳ ಕಣ್ಣಲ್ಲಿ ನೀರಿತ್ತು. "ಕುಡೀರಿ," ಎಂದರು ಮಾವ. ಆರಿಹೋದ ಕಾಫಿಯನ್ನು ವಸ್ಫಿ ಅಮೃತದಂತೆ ಕುಡಿದ.

ಹೆಂಡತಿಯನ್ನು ಕೂರಿಸಿಕೊಂಡು ಕಾರು ಹೊರಡಿಸಬೇಕು, ಅಷ್ಟರಲ್ಲಿ ಮಾವನವರು ಕಂಕುಳಲ್ಲಿ ದಿಂಬು, ಕೈಯಲ್ಲಿ ರಕ್ತದೊತ್ತಡದ ಮಾತ್ರೆ ಹಿಡಿದು ಓಡಿಬಂದರು. ಹಿಂದೆ ಬಾಗಿಲು ಧಡಾರನೆ ಮುಚ್ಚಿತು.

"ಬಾದಾಮಿ ತಣ್ಣಗಾಗೋವರೆಗೂ ಬರಬೇಡಿ ಅಂದ್ಳಪ್ಪ ನಿಮ್ಮತ್ತೆ. ತಣ್ಣಗಾಗೋಕೆ ಎಷ್ಟು ಹೊತ್ತು ಬೇಕಾಗುತ್ತೆ?"

ವಿಜ್ಞಾನದ ಪ್ರಕಾರ ಸ್ವಲ್ಪವೇ ಹೊತ್ತು. ಆದರೆ ಉಮ್ಮ್ ಗಾಲಿಬ್ ವಿಜ್ಞಾನ ಓದಿದವರಲ್ಲ. ಮಾವ ಬಂದು ತಿಂಗಳು ಕಳೆಯಿತು. ವಸ್ಫಿಯ ಕುರ್ಚಿ, ವಸ್ಫಿಯ ಟೀವಿ, ವಸ್ಫಿಯ ಪಾಲಿನ ದ್ರಾಕ್ಷಿ ಎಲೆ, ಎಲ್ಲ ಅವರ ವಶವಾಯಿತು. ಅವನು ದೊಡ್ಡಪ್ಪನ ಕಾಲಿಗೆ ಬಿದ್ದ.

"ಮುನಿದ ಹೆಂಡತಿನ ಕರ್ಕೊಂಡ್ ಬರೋಕೆ ಕ್ರಮ ಇದೆ ಕಣಪ್ಪ," ಎಂದರು ಅವರು. "ಮನೆಗೆ ಬಂದ ಮಾವನ್ನ ವಾಪಸ್ ಕಳಿಸೋಕೆ ನಮ್ಮಲ್ಲಿ ಕ್ರಮ ಇಲ್ಲ."

ವಸ್ಫಿ ಮನೆಗೆ ಬಂದು, ವಾಪಸ್ ಕಳಿಸಿಕೊಡು ಎಂದು ಕೇಳುವುದಿದ್ದರೆ ಬಟ್ಟಲು ಕೆಳಗಿಟ್ಟಾರು ಎಂಬ ಆಸೆಯಿಂದ ಮಾವನೆದುರು ಕಾಫಿ ಇಟ್ಟ. ಮಾವ ಅದನ್ನು ಕೆಳಗಿಡಲೇ ಇಲ್ಲ. ಒಂದೇ ಗುಟುಕಿಗೆ ಮುಗಿಸಿ, ಇನ್ನೊಂದಕ್ಕೆ ಬಟ್ಟಲು ಚಾಚಿದರು.