ಕಾಲಿಗೆ ಕೊಟ್ಟ ನೀರು

ಮನಸ್ಸು ಮಾಡಿದರೆ ಐವತ್ತರ ಹತ್ತಿರ ಬಂದ ಮನುಷ್ಯನೂ ಓಡಬಲ್ಲ ಎಂಬುದನ್ನು ನಾನು ಸಾಧಿಸಿ ತೋರಿಸಿದ್ದೇನೆ. ಎಲ್ಲಿಗೆ ಓಡಿದೆ, ಯಾಕೆ ಓಡಿದೆ, ಕೈಯಲ್ಲಿ ಏನು ಹಿಡಿದು ಓಡಿದೆ ಎಂಬ ಸಣ್ಣಪುಟ್ಟ ವಿವರಗಳನ್ನು ನಮ್ಮ ಬೀಗರ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಕ್ಷೇಮ.

ನಮ್ಮಪ್ಪ ಕುರಿ ಕಾಯುತ್ತಿದ್ದರು. ನಾನು ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿ ಮಕ್ಕಳನ್ನು ಕಾಯುತ್ತೇನೆ. ಅಪ್ಪ ಇಡೀ ದಿನ ನಡೆಯುತ್ತಿದ್ದರು, ನಾನು ಇಡೀ ದಿನ ಕುರ್ಚಿಯಲ್ಲಿರುತ್ತೇನೆ. ಇದರ ಫಲಿತಾಂಶ ಏನೆಂದು ನನ್ನ ಅಂಗಿಯ ನಡುವಿನ ಗುಂಡಿಗೆ ಚೆನ್ನಾಗಿ ಗೊತ್ತು.

ಮಗಳು ದಿವ್ಯಳನ್ನು ನೋಡಲು ತಾವರೆಕೆರೆ ಕಡೆಯ ಒಂದು ಹಳ್ಳಿಯಿಂದ ಗಂಡಿನವರು ಬಂದರು. ಹುಡುಗ ರಘು ಪಶು ಆಸ್ಪತ್ರೆಯಲ್ಲಿ ನೌಕರ. ಅವನ ಅಪ್ಪ ಈರಣ್ಣ ಈಗಲೂ ಕುರಿ ಹಿಂದೆ ಹೋಗುವ ಮನುಷ್ಯ, ಹೆಗಲ ಮೇಲೆ ಸದಾ ಕಂಬಳಿ, ಮೈಮೇಲೆ ಒಂದು ಹಿಡಿ ಹೆಚ್ಚಿನ ಮಾಂಸವಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟವರು ನನ್ನ ಹೊಟ್ಟೆಯನ್ನೇ ಪ್ರೀತಿಯಿಂದ ನೋಡಿ, "ಮೇಷ್ಟ್ರು ಚೆನ್ನಾಗಿ ಮೇಯ್ದವ್ರೆ," ಎಂದರು. ಮನೆ ತುಂಬ ನಗು. ನನ್ನ ಹೆಂಡತಿ ಗಿರಿಜಾ ಎಲ್ಲರಿಗಿಂತ ಜೋರಾಗಿ ನಕ್ಕಳು. ರಘು ಮಾತ್ರ ನಗಲಿಲ್ಲ, ತಲೆ ತಗ್ಗಿಸಿದ. ಆ ಕ್ಷಣದಲ್ಲೇ ಅವನು ದಿವ್ಯಳಿಗೂ ಹಿಡಿಸಿದ, ನನಗೂ ಹಿಡಿಸಿದ. ಮರುದಿನವೇ ನಾನು ಓಡುವ ಶೂ ತಂದೆ.

ಓಡುವುದರಲ್ಲಿ ಕಷ್ಟವೆಲ್ಲ ಕಾಲಿಗೆ ಎಂದುಕೊಂಡಿದ್ದೆ. ಅದು ಹೊಟ್ಟೆಗೆ ಎಂದು ಬೇಗನೆ ಗೊತ್ತಾಯಿತು. ಇನ್ನೇನು ಉಸಿರು ಹದಕ್ಕೆ ಬಂತು ಎನ್ನುವಾಗ ಒಳಗೆ ಗುಡುಗು ಶುರುವಾಗುತ್ತಿತ್ತು. ಫೋನಿನಲ್ಲಿ ತಜ್ಞರ ವಿಡಿಯೋ ನೋಡಿದೆ. ಓಡುವಾಗ ಹೊಟ್ಟೆಯ ರಕ್ತವೆಲ್ಲ ಕಾಲಿಗೆ ಇಳಿಯುತ್ತದಂತೆ. ಯಾರೂ ದಿಕ್ಕಿಲ್ಲದಂತಾದ ಹೊಟ್ಟೆ, ತನ್ನ ವಶದಲ್ಲಿ ಇರುವುದನ್ನೆಲ್ಲ ಒಪ್ಪಿಸಿ ರಾಜೀನಾಮೆಗೆ ಮುಂದಾಗುತ್ತದಂತೆ. ದೇಶವಿದೇಶದ ದೊಡ್ಡ ಓಟಗಾರರಿಗೂ ಹೀಗೇ ಆಗುತ್ತದೆ ಎಂದು ಕೇಳಿ ನನಗೆ ಹೆಮ್ಮೆಯಾಯಿತು. ಅಂತೂ ಒಂದು ವಿಷಯದಲ್ಲಿ ಅವರ ಸಾಲಿಗೆ ಸೇರಿದ್ದೆ.

ಅಂದಿನಿಂದ ನನ್ನ ಓಟದ ದಾರಿಯನ್ನು ಕಕ್ಕಸುಗಳೇ ನಿರ್ಧರಿಸಿದವು. ಮನೆಯಿಂದ ಬಸ್ ಸ್ಟ್ಯಾಂಡು, ಅಲ್ಲಿಂದ ಪೆಟ್ರೋಲ್ ಬಂಕು, ಅಲ್ಲಿಂದ ನನ್ನ ಭಾಮೈದ ಲೋಕೇಶನ ಮನೆ. ಲೋಕೇಶನ ಹೆಂಡತಿ ನನ್ನನ್ನು ಕಂಡರೆ ಕಾಫಿ ಕೇಳುವುದನ್ನೂ ಬಿಟ್ಟು ಸೀದಾ ಹಿತ್ತಲ ಬಾಗಿಲು ತೆಗೆಯುತ್ತಿದ್ದಳು. ಫೋನಿನಲ್ಲಿ ಓಟ ಅಳೆಯುವ ಒಂದು ಆಪ್ ಹಾಕಿಕೊಂಡಿದ್ದೆ. ಅದರೊಳಗಿನ ಹೆಂಗಸು ಪ್ರತಿ ಕಿಲೋಮೀಟರಿಗೂ ಇಂಗ್ಲಿಷಿನಲ್ಲಿ ವರದಿ ಒಪ್ಪಿಸುತ್ತಿದ್ದಳು. ನನ್ನ ಒಳ್ಳೆಯ ವೇಗವೆಲ್ಲ ಮನೆ ಕಡೆ ವಾಪಸ್ ಬರುವಾಗಲೇ ದಾಖಲಾಗಿರುವುದು ಅವಳ ಗಮನಕ್ಕೆ ಬಂದಿರಲಿಲ್ಲ. ಎದುರುಮನೆಯವರ ಗಮನಕ್ಕೆ ಬಂದಿತ್ತು.

ಹೀಗಿರುವಾಗ ಗಂಡಿನ ಮನೆ ನೋಡುವ ಶಾಸ್ತ್ರಕ್ಕೆ ದಿನ ಗೊತ್ತಾಯಿತು. ಹುಡುಗಿಯೊಬ್ಬಳನ್ನು ಬಿಟ್ಟು ಹೆಣ್ಣಿನ ಕಡೆಯವರೆಲ್ಲ ವ್ಯಾನು ಮಾಡಿಕೊಂಡು ಹೋಗಿ ಗಂಡಿನ ಮನೆ, ಹೊಲ, ಬಳಗ ನೋಡಿ, ಊಟ ಮಾಡಿ ಬರುವುದು. ನನಗೊಂದು ಅದ್ಭುತ ವಿಚಾರ ಹೊಳೆಯಿತು.

"ತಾವರೆಕೆರೆ ಬಂದಾಗ ನಾನು ವ್ಯಾನಿಂದ ಇಳ್ಕೊಂಡು ಅವರೂರಿಗೆ ಓಡಿ ಬರ್ತೀನಿ," ಎಂದೆ. "ನೀವು ಊರ ಮುಂದಿನ ಅರಳಿಕಟ್ಟೆ ಹತ್ರ ಕಾಯ್ತಿರಿ. ಪಂಚೆ ಉಟ್ಕೊಂಡು ಎಲ್ಲ ಒಟ್ಟಿಗೆ ಹೋಗೋಣ."

ಗಿರಿಜಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಹೆಣ್ಣಿನಪ್ಪ ಓಡೋಡಿ ಬಂದ ಅಂದ್ರೆ ಜನ ಏನಂತಾರೆ? ಮಗಳು ಯಾವಾಗ ಸಾಗೋಗ್ತಾಳೋ ಅಂತ ಕಾಯ್ತಿದ್ದ ಅಂತಾರೆ ಕಣ್ರೀ."

"ಈರಣ್ಣನೋರು ನನ್ನ ಹೊಟ್ಟೆ ನೋಡಿದ್ರಲ್ಲ, ಈಗ ನನ್ನ ಓಟಾನೂ ನೋಡ್ಲಿ."

"ಅಪ್ಪಾ," ಎಂದಳು ದಿವ್ಯ. "ಅದೊಂದಿನ ಮನುಷ್ಯರ ಥರ ವ್ಯಾನಲ್ಲಿ ಕೂತ್ಕೊಂಡು ಹೋಗ್ಬಾಪ್ಪ." ರಘು ಅವಳಿಗೆ ಅಷ್ಟು ಮನಸ್ಸಿಗೆ ಬಂದಿದ್ದ. ಆಗಲೇ ನಾನು ಶೂ ಬಿಚ್ಚಿ ಅಟ್ಟಕ್ಕೆ ಎಸೆಯಬೇಕಿತ್ತು.

"ಇನ್ನೊಂದು ನೆನಪಿರ್ಲಿ," ಎಂದಳು ಗಿರಿಜಾ. "ಬಾಗಿಲಲ್ಲಿ ಕಾಲಿಗೆ ನೀರು ಕೊಡ್ತಾರೆ. ತೊಳ್ಕೊಂಡು ಒಳಕ್ಕೆ ಹೋದ್ರೆ ಸಂಬಂಧ ಒಪ್ಪಿದಂಗೆ. ಚೊಂಬು ಈಸ್ಕೊಂಡು ಹೊಸಿಲಿಂದ ತಿರುಗಿ ಹೋದ್ರೆ ಬ್ಯಾಡ ಅಂದಂಗೆ. ನಮ್ಮ ದೊಡ್ಡಪ್ಪ ಒಂದ್ಸಲ ಅಂಗೆ ತಿರುಗಿ ಬಂದಿದ್ದಕ್ಕೆ ಆ ಊರೋರು ಇವತ್ತಿಗೂ ನಮ್ಮತ್ರ ಮಾತಾಡಲ್ಲ."

"ಕಾಲು ತೊಳೆಯೋದೂ ನೀನು ಹೇಳಿಕೊಡ್ಬೇಕಾ?" ಎಂದು ನಕ್ಕೆ.

ಓಟದ ಹಿಂದಿನ ದಿನ ಹೊಟ್ಟೆ ತುಂಬ ಪಿಷ್ಟ ಸೇರಿಸಿಕೊಳ್ಳಬೇಕು ಎಂದು ತಜ್ಞರು ಹೇಳಿದ್ದರು. ಅವರು ಹೇಳಿದ ಪದಾರ್ಥ ಪಾಸ್ತಾ. ಅದನ್ನು ನಾನು ನಮ್ಮ ಸೀಮೆಗೆ ಒಗ್ಗಿಸಿಕೊಂಡೆ. ಅವರೆಕಾಯಿ ಕಾಲ ಬೇರೆ. ಮೂರು ಮುದ್ದೆ, ಅವು ಮುಳುಗುವಷ್ಟು ಹಿತಕಿದ ಬೇಳೆ ಸಾರು! ಬೆಳಿಗ್ಗೆ ತಜ್ಞರ ಸಲಹೆಯಂತೆ ಸಕ್ಕರೆ ಇಲ್ಲದ ಕಪ್ಪು ಕಾಫಿ, ಎರಡು ಬಾಳೆಹಣ್ಣು, ಲೋಕೇಶ ತುಮಕೂರಿನಿಂದ ತಂದುಕೊಟ್ಟ ಶಕ್ತಿವರ್ಧಕ ಪೊಟ್ಟಣ. ಅದರ ರುಚಿ ಅಂಟಿಗೆ ಬೆಲ್ಲ ಕಲಸಿದಂತಿತ್ತು. ಇವರೆಲ್ಲ ನನ್ನ ಹೊಟ್ಟೆಯಲ್ಲಿ ಮೊದಲ ಸಲ ಭೇಟಿಯಾದರು, ಪರಸ್ಪರ ಹೊಂದಿಕೊಳ್ಳಲಿಲ್ಲ.

ತಾವರೆಕೆರೆಯಲ್ಲಿ ಇಳಿದು, ವ್ಯಾನಿಗೆ ಕೈಬೀಸಿ, ಎದೆ ಸೆಟೆಸಿ ಓಡಿದೆ. ನಮ್ಮ ಬಯಲುಸೀಮೆಯನ್ನು ಜೀವನವಿಡೀ ಹೊಗಳಿದವನು ನಾನು. ಎತ್ತ ನೋಡಿದರೂ ಕಣ್ಣಿಗೆ ಅಡ್ಡವಿಲ್ಲ ಎಂದು ಪಾಠದ ಮಧ್ಯೆಯೂ ಹೇಳಿದ್ದೇನೆ. ದಾರಿ ಅರ್ಧ ಸವೆಯುವ ಹೊತ್ತಿಗೆ ಅದೇ ಈ ಸೀಮೆಯ ದೊಡ್ಡ ದೋಷವೆಂದು ಮನವರಿಕೆಯಾಯಿತು. ಹೊಟ್ಟೆ ಮೊದಲ ನೋಟೀಸು ಕೊಟ್ಟಿತ್ತು. ಕಡಲೆಕಾಯಿ ಕಿತ್ತ ಹೊಲ ಆಕಾಶದವರೆಗೂ ಬೋಳಾಗಿ ಮಲಗಿತ್ತು. ಒಂದೇ ಒಂದು ಜಾಲಿ ಪೊದೆ ಕಂಡಿತು. ಆಸೆಯಿಂದ ಹತ್ತಿರ ಹೋದರೆ ಅದರ ಮರೆಯಲ್ಲಿ ಮೂವರು ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು.

"ಬನ್ನಿ ಸಾ, ಒಂದ್ ತುತ್ತು ಉಣ್ಣಿ," ಎಂದರು.

ಊಟದ ಹೆಸರು ಕೇಳಿ ಹೊಟ್ಟೆ ಎರಡನೇ ನೋಟೀಸು ಜಾರಿ ಮಾಡಿತು. ಮತ್ತೆ ರಸ್ತೆಗೆ ಬಿದ್ದೆ. ಮೊಪೆಡ್ ಮೇಲೆ ಬಂದ ಯಜಮಾನರೊಬ್ಬರು ನನ್ನ ಪಕ್ಕದಲ್ಲೇ ನಿಧಾನ ಮಾಡಿದರು.

"ಯಾಕ್ ಸಾ ಓಡ್ತಿದ್ದೀರಾ? ನಾಯಿ ಅಟ್ಟಿಸ್ಕಂಡ್ ಬಂತಾ?"

"ಇಲ್ಲ. ಸುಮ್ನೆ."

"ಸುಮ್ನೆ ಯಾರಾರ ಓಡ್ತಾರಾ? ಹತ್ಕಳಿ, ಊರಿಗೆ ಬುಡ್ತೀನಿ."

ಮುಂದಿನ ರಸ್ತೆಯ ಗುಂಡಿಗಳನ್ನು ನೋಡಿದೆ. ಮೊಪೆಡ್ಡಿನ ಸೀಟು ನೋಡಿದೆ. ನನ್ನ ಸ್ಥಿತಿಯನ್ನೂ ಕೂಡಿಸಿ ಲೆಕ್ಕ ಹಾಕಿದೆ. ಕೈಮುಗಿದು ಅವರನ್ನು ಸಾಗಹಾಕಿದೆ.

ಅರಳಿಕಟ್ಟೆ ಕಂಡಾಗ ವ್ಯಾನು ನಿಂತಿತ್ತು. ನಮ್ಮ ಬಳಗ ಕೈಕಾಲು ಚಾಚಿಕೊಂಡು ನಿಂತಿತ್ತು. ಗಿರಿಜಾ ಇಸ್ತ್ರಿಯ ಪಂಚೆ ಹಿಡಿದು ನನ್ನ ದಾರಿ ನೋಡುತ್ತಿದ್ದಳು. ನಿಲ್ಲಬೇಕು ಎಂದುಕೊಂಡೆ. ಆದರೆ ನಿಂತರೆ ಎಲ್ಲವೂ ಅಲ್ಲೇ ಮುಗಿದುಹೋಗುತ್ತದೆ ಎಂದು ಒಳಗಿನಿಂದ ಸ್ಪಷ್ಟ ಸೂಚನೆ ಬಂತು. ನಿಲ್ಲಲಿಲ್ಲ.

"ಭಾವ, ಇಲ್ಲೇ, ಇಲ್ಲೇ," ಎಂದು ಲೋಕೇಶ ಕೂಗಿದ. "ಅಕ್ಕಾ, ಭಾವ ಹೋಗೇ ಬುಟ್ರಲ್ಲ?"

"ಹಿತಕಿದ ಬೇಳೆ ಕಣೋ," ಎಂದಳು ಗಿರಿಜಾ. ಇಷ್ಟು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು, ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೀಗೆ ನಾನು ಒಬ್ಬನೇ, ಎಲ್ಲರಿಗಿಂತ ಮೊದಲು, ಬೆವರಿನಲ್ಲಿ ತೊಯ್ದ ಬನಿಯನ್ ಮತ್ತು ಚಡ್ಡಿಯಲ್ಲಿ ಬೀಗರ ಮನೆ ಬಾಗಿಲಿಗೆ ಹೋಗಿ ನಿಂತೆ. ಜಗಲಿಯ ತುಂಬ ಅವರ ಬಳಗ. ಎಲ್ಲರೂ ಎದ್ದು ಕೈಮುಗಿದರು. ಹೊಸಿಲ ಮುಂದೆ ರಘುವಿನ ತಾಯಿ ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆ ಚೊಂಬಿನಲ್ಲಿ ನೀರು ತುಂಬಿ ಹಿಡಿದಿದ್ದರು.

"ಬನ್ನಿ ಅಣ್ಣಾ, ಕಾಲಿಗೆ ನೀರು ತಗಳಿ."

ಅಂಥ ಮನೆಯಲ್ಲಿ ಕಕ್ಕಸು ಇದ್ದೇ ಇರುತ್ತದೆ. ಆದರೆ ಮೊದಲ ಭೇಟಿಯಲ್ಲಿ, ಬಳಗವೆಲ್ಲ ಕೈಮುಗಿದು ನಿಂತಿರುವಾಗ, ನಮಸ್ಕಾರಕ್ಕೂ ಮುಂಚೆ ಬೀಗಿತಿಯನ್ನು ಅದೆಲ್ಲಿದೆ ಎಂದು ಕೇಳಲು ನಾಲಿಗೆ ಬರಲಿಲ್ಲ. ಸುಮ್ಮನೆ ಕೈ ಚಾಚಿ ಚೊಂಬು ಈಸಿಕೊಂಡೆ. ಬೆಳಗಿನ ಹೊತ್ತು, ಹೊಟ್ಟೆಯಲ್ಲಿ ಅವಸರ, ಕೈಯಲ್ಲಿ ತುಂಬಿದ ಚೊಂಬು. ನಾನು ಹಳ್ಳಿಯಲ್ಲಿ ಬೆಳೆದವನು. ಚಿಕ್ಕಂದಿನಲ್ಲಿ ಈ ಮೂರೂ ಒಟ್ಟಾದರೆ ನಮ್ಮ ಕಾಲು ಹೋಗುತ್ತಿದ್ದುದು ಒಂದೇ ಕಡೆಗೆ. ಅವತ್ತೂ ಅಲ್ಲಿಗೇ ಹೋಯಿತು. ಗಿರಕ್ಕನೆ ತಿರುಗಿ, ಚೊಂಬು ಹಿಡಿದು, ಮನೆಯ ಪಕ್ಕದಿಂದ ಹೊಲದ ಕಡೆ ಓಟ ಕಿತ್ತೆ.

ಹಿಂದಿನಿಂದ ಬೀಗಿತಿಯ ದನಿ. "ಅಯ್ಯೋ, ಹೆಣ್ಣಿನಪ್ಪ ತಿರುಗಿ ಹೋಗ್ಬುಟ್ರು!"

"ಕಾಲೂ ತೊಳೀಲಿಲ್ಲ, ಚೊಂಬೂ ತಗಂಡೋದ್ರು," ಎಂದರು ಇನ್ಯಾರೋ.

ಆಗ ಶುರುವಾಯಿತು ನನ್ನ ಬದುಕಿನ ನಿಜವಾದ ಓಟದ ಸ್ಪರ್ಧೆ. ಮುಂದೆ ನಾನು, ನನ್ನ ಹಿಂದೆ ಈರಣ್ಣ, ಅವರ ಹಿಂದೆ ರಘು, ಅವನ ಹಿಂದೆ ಚಿಕ್ಕಪ್ಪಂದಿರು, ದೊಡ್ಡಪ್ಪಂದಿರು, ವಿಷಯ ಗೊತ್ತಿಲ್ಲದಿದ್ದರೂ ಉತ್ಸಾಹದಿಂದ ಸೇರಿಕೊಂಡ ಎರಡು ನಾಯಿ.

"ಮೇಷ್ಟ್ರೇ, ನಿಂತ್ಕಳಿ. ನಮ್ಮಿಂದ ಏನ್ ತಪ್ಪಾಯ್ತು ಅಂತ ಹೇಳ್ಬುಟ್ಟು ಹೋಗಿ," ಎಂದು ಈರಣ್ಣ ಕೂಗುತ್ತಿದ್ದರು.

"ಮಾವ," ಎಂದ ರಘು. ಅವನು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. "ಮಾವ, ದಿವ್ಯ ಏನಾದ್ರು ಬ್ಯಾಡ ಅಂದ್ರಾ?"

ನನ್ನ ಕರುಳು ಚುರುಕ್ಕೆಂದಿತು. ಕರುಳಿಗೆ ಅವತ್ತು ಬೇರೆ ಕೆಲಸವೂ ಇತ್ತು. ಇಲ್ಲಪ್ಪ, ಅವಳು ನಿನ್ನನ್ನು ತುಂಬ ಇಷ್ಟಪಟ್ಟಿದ್ದಾಳೆ ಎಂದು ಹೇಳಬೇಕೆನಿಸಿತು. ಮಾತಾಡಬೇಕಾದರೆ ಬಿಗಿ ಹಿಡಿದ ಉಸಿರು ಬಿಡಬೇಕು. ಉಸಿರು ಬಿಟ್ಟರೆ ಜೊತೆಗೆ ಇನ್ನೇನು ಹೊರಡುತ್ತದೋ ಎಂಬ ಭಯ. ಬಾಯಿ ಮುಚ್ಚಿಕೊಂಡೇ ಓಡಿದೆ.

ತಪ್ಪಿಸಿಕೊಂಡ ಕುರಿಯನ್ನು ಅಡ್ಡಹಾಯ್ದು ಹಿಡಿದು ರೂಢಿಯಿದ್ದ ಈರಣ್ಣನಿಗೆ ನಾನು ಎಷ್ಟರವನು? ನಾಲ್ಕು ಹೆಜ್ಜೆಯಲ್ಲಿ ನನ್ನ ಪಕ್ಕಕ್ಕೆ ಬಂದರು. ಏದುಸಿರು ಕೂಡ ಇಲ್ಲ.

"ಏನಾಯ್ತು ಮೇಷ್ಟ್ರೇ?"

"ಹೊಟ್ಟೆ," ಎಂದೆ.

ಈರಣ್ಣ ನನ್ನ ಮುಖ ನೋಡಿದರು, ಚೊಂಬು ನೋಡಿದರು. ಮರುಕ್ಷಣವೇ ಹಿಂದಕ್ಕೆ ತಿರುಗಿ ಎರಡೂ ಕೈ ಅಗಲಿಸಿ, "ಹೋಯ್, ಯಾರೂ ಮುಂದಕ್ಕೆ ಬರ್ಬ್ಯಾಡಿ. ಎಲ್ಲಾ ಆ ಕಡೀಕೆ ತಿರುಗ್ಕಳಿ," ಎಂದು ಗದರಿಸಿದರು. ಇಡೀ ಬಳಗ ನಿಂತಲ್ಲೇ ನಿಂತು ನನಗೆ ಬೆನ್ನು ತೋರಿಸಿತು. ಕುರಿ ರೊಪ್ಪದ ಮುಳ್ಳುಬೇಲಿಗೆ ತಮ್ಮ ಕಂಬಳಿಯ ಒಂದು ತುದಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ತಾವೇ ಎತ್ತಿ ಹಿಡಿದು, ಮುಖ ಆಚೆ ತಿರುಗಿಸಿಕೊಂಡು ಈರಣ್ಣ ಹೇಳಿದರು. "ಹೋಗಿ, ಹೋಗಿ. ನಾನಿಲ್ಲೇ ನಿಂತಿರ್ತೀನಿ."

ನಾನು ಕಂಬಳಿಯ ಮರೆ ಸೇರಿ ಕೂತ ಆ ಪವಿತ್ರ ಘಳಿಗೆಯಲ್ಲೇ ನನ್ನ ಜೇಬಿನಿಂದ ಫೋನಿನ ಹೆಂಗಸು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಮಾತಾಡಿದಳು. ಅಭಿನಂದನೆಗಳಂತೆ. ಇದು ನನ್ನ ಜೀವಮಾನದ ಅತಿ ವೇಗದ ಕಿಲೋಮೀಟರಂತೆ.

"ಏನಂತೆ ಆಯಮ್ಮಂದು?" ಎಂದು ಕಂಬಳಿಯ ಆಚೆಯಿಂದ ಈರಣ್ಣ ವಿಚಾರಿಸಿದರು.

"ಶಹಬ್ಬಾಸ್ ಅಂತಾವ್ಳೆ," ಎಂದೆ.

ವಾಪಸ್ ಬಂದಾಗ ಎರಡೂ ಕಡೆಯವರು ಅಂಗಳದಲ್ಲಿ ಸೇರಿದ್ದರು. ನಾನು ಖಾಲಿ ಚೊಂಬನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದೆ. ಗಿರಿಜಾಳ ಮುಖ ಬಿಳಿಚಿಕೊಂಡಿತ್ತು. ಯಾಕೆಂದರೆ ರಘುವಿನ ದೊಡ್ಡಪ್ಪ ಆಗಲೇ ತಕರಾರು ಎತ್ತಿದ್ದರು. "ಹೊಟ್ಟೆ ವಿಷ್ಯ ಹೊಟ್ಟೇದು, ಶಾಸ್ತ್ರದ್ದು ಶಾಸ್ತ್ರದ್ದು. ಕಾಲಿಗೆ ಕೊಟ್ಟ ನೀರು ಈಸ್ಕಂಡು ಹೊಸಿಲಿಂದ ತಿರುಗಿ ಹೋದ್ರು ಅಂದ್ಮೇಲೆ ಸಂಬಂಧ ಕೂಡೋದು ಹೆಂಗೆ?"

ನನಗೆ ಮನೆಯಲ್ಲಿ ಫೋನು ಕೈಯಲ್ಲಿ ಹಿಡಿದು ಕೂತಿರುವ ದಿವ್ಯ ಕಣ್ಣಿಗೆ ಕಟ್ಟಿದಳು. ಮೂರು ಮುದ್ದೆಯ ಆಸೆಗೆ ಮಗಳ ಮದುವೆ ಮುರಿದ ಅಪ್ಪ ಎಂದು ನಮ್ಮ ತಾಲ್ಲೂಕೆಲ್ಲ ಹೇಳುತ್ತದೆ ಎಂದು ನೆನೆದು ನಿಜವಾಗಿಯೂ ಅಳು ಬಂತು.

ಆಗ ಜಗಲಿಯ ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ರಘುವಿನ ಅಜ್ಜಿ ತಲೆ ಎತ್ತಿದರು.

"ಲೇ, ಆವಯ್ಯ ನಮ್ಮನೆ ನೀರು ಈಸ್ಕಂಡು ತೊಳ್ಕಂಡ್ರೋ ಇಲ್ವೋ?"

"ತೊಳ್ಕಂಡವ್ರೆ ಕಣವ್ವ, ಆದ್ರೆ..." ಎಂದು ದೊಡ್ಡಪ್ಪ ರಾಗ ಎಳೆದರು.

"ಎಲ್ಲಿ ತೊಳ್ಕಂಡ್ರೆ ನಿಂಗೇನ್ಲಾ? ಒಪ್ಕಂಡಂಗೇಯ. ಒಳೀಕೆ ಕರೀರಿ."

ಮೊದಲು ನಕ್ಕವರು ಈರಣ್ಣ. ಆಮೇಲೆ ಜಗಲಿ ನಕ್ಕಿತು, ವ್ಯಾನಿನ ಡ್ರೈವರು ನಕ್ಕ, ತಕರಾರಿನ ದೊಡ್ಡಪ್ಪನೂ ನಕ್ಕರು. ಬೀಗಿತಿ ಇನ್ನೊಂದು ಚೊಂಬು ನೀರು ತಂದರು. ನಾನು ಊರೆಲ್ಲ ನೋಡುವಂತೆ, ಯಾವ ಅನುಮಾನಕ್ಕೂ ಎಡೆಯಿಲ್ಲದ ಹಾಗೆ, ಮೊಣಕಾಲವರೆಗೂ ತೊಳೆದುಕೊಂಡು ಒಳಗೆ ಹೋದೆ.

ಪಂಕ್ತಿಯಲ್ಲಿ ಎಲ್ಲರಿಗೂ ಹೋಳಿಗೆ ತುಪ್ಪ ಬಡಿಸಿದರು. ನನ್ನ ಎಲೆಗೆ ಮಜ್ಜಿಗೆ ಅನ್ನ ಬಂತು. ಗಿರಿಜಾ ಹೇಳಿಕಳಿಸಿದ್ದಳು. ಊಟದ ಮಧ್ಯೆ ದಿವ್ಯ ಫೋನು ಮಾಡಿದಳು.

"ಒಪ್ಪಿಗೆ ಆಯ್ತಮ್ಮ," ಎಂದೆ.

"ನೀನೇನೂ ಎಡವಟ್ಟು ಮಾಡ್ಲಿಲ್ಲ ತಾನೆ?"

"ಏನಿಲ್ಲಮ್ಮ. ನೀರು ಕೊಟ್ರು, ತಗೊಂಡೆ."

ಪಂಕ್ತಿ ಪೂರ್ತಿ ಬಿದ್ದುಬಿದ್ದು ನಕ್ಕಿತು. ಪಾಪ, ಅವಳಿಗೆ ಯಾಕೆಂದು ಗೊತ್ತಾಗಲಿಲ್ಲ. ಮದುವೆಯಾಗಿ ಆ ಮನೆ ಸೇರಿದ ಮೇಲೆ ಎಲ್ಲ ಗೊತ್ತಾಗಿದೆ. ಅಜ್ಜಿ ಕಥೆಯನ್ನು ಬಂದವರಿಗೆಲ್ಲ ಅಭಿನಯದ ಸಮೇತ ಹೇಳುತ್ತಾರಂತೆ.

ಓಟ ನಿಲ್ಲಿಸಿದ್ದೇನೆ, ಈಗ ನಡೆಯುತ್ತೇನೆ. ಹೊಟ್ಟೆ ಮೊದಲಿದ್ದಷ್ಟೇ ಇದೆ. ಮಗಳ ಮನೆಗೆ ಹೋದಾಗಲೆಲ್ಲ ಬೀಗಿತಿ ನಗುನಗುತ್ತಾ ಬಂದು ನನ್ನ ಮುಂದೆ ಎರಡು ಚೊಂಬು ನೀರು ಇಡುತ್ತಾರೆ. ಒಂದನ್ನು ಕಾಲಿಗೆ ಹಾಕಿಕೊಂಡು ಒಳಗೆ ಹೋಗುತ್ತೇನೆ. ಇನ್ನೊಂದು ಯಾಕೆ ಎಂದು ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.