ಆರತಿ ತಟ್ಟೆಯಲ್ಲಿ ರಸಾಯನಶಾಸ್ತ್ರ

ತನಗೆ ಬಾರದ ವಿದ್ಯೆಯೊಂದು ತನಗೆ ಬರುತ್ತದೆ ಎಂದು ನೆರೆಹೊರೆಯವರೆಲ್ಲ ನಂಬಿಕೊಂಡರೆ ಮನುಷ್ಯನಿಗೆ ಎಂಥ ಆಯಾಸವಾಗುತ್ತದೆ ಎಂಬುದನ್ನು ಅನುಭವಿಸಿದವನೇ ಬಲ್ಲ. ಲೋಕಲ್ ರೈಲಿನಲ್ಲಿ ಒಂಟಿಕಾಲಿನಲ್ಲಿ ನಿಂತು ಬಂದರೂ ಅಷ್ಟು ಸುಸ್ತಾಗುವುದಿಲ್ಲ. ಎರಡನ್ನೂ ದಿನಾ ಅನುಭವಿಸುವವನು ನಾನು, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಪರೇಲಿನ ಒಂದು ಕೆಮಿಕಲ್ ಕಂಪನಿಯ ಆಫೀಸಿನಲ್ಲಿ ನಾನು ಟೈಪಿಸ್ಟು. 'ತಮ್ಮ ಪತ್ರ ತಲುಪಿತು' ಎಂದು ಬೆಳಗಿನಿಂದ ಸಂಜೆಯ ತನಕ ಇಂಗ್ಲಿಷಿನಲ್ಲಿ ಕುಟ್ಟುವುದು ನನ್ನ ಕೆಲಸ. ಕಂಪನಿ ತಯಾರಿಸುವ ಪದಾರ್ಥಗಳ ಮಾರುದ್ದದ ಹೆಸರುಗಳನ್ನೆಲ್ಲ ಒಂದಕ್ಷರ ತಪ್ಪದೆ ಟೈಪು ಮಾಡಬಲ್ಲೆ. ಅವು ಪುಡಿಯೋ ನೀರೋ ಎಂದು ಕೇಳಿದರೆ ಮಾತ್ರ ದೇವರಾಣೆ ಗೊತ್ತಿಲ್ಲ. ಆದರೆ ಕುರ್ಲಾದಲ್ಲಿ ಒಂದೊಂದೇ ಕೋಣೆಯ ಸಾಲುಮನೆಗಳ ನಮ್ಮ ಚಾಳಿನಲ್ಲಿ ಇಷ್ಟು ಸೂಕ್ಷ್ಮವನ್ನು ಯಾರು ವಿಚಾರಿಸುತ್ತಾರೆ? ಕೆಮಿಕಲ್ ಕಂಪನಿಯಲ್ಲಿ ಇದ್ದಾರೆ ಎಂದರೆ ಕೆಮಿಸ್ಟು. ಮುಗಿಯಿತು.

ಸಂಜೆ ಮೆಟ್ಟಿಲು ಹತ್ತುವಾಗ ಪ್ರತಿ ಮಾಳಿಗೆಯಲ್ಲೂ ಒಬ್ಬರು ಕಾದಿರುತ್ತಾರೆ. "ಮಾರಾಯ್ರೆ, ಬಿಳಿ ಪಂಚೆಗೆ ತುಕ್ಕಿನ ಕಲೆ ಆಗಿದೆ, ಎಂತ ಹಾಕುವುದು?" "ಈ ನಲ್ಲಿ ನೀರಿನಲ್ಲಿ ಬೇಳೆ ಬೇಯುವುದೇ ಇಲ್ಲವಲ್ಲ, ಯಾಕೆ?" ನಾನು ಕೈಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ಸ್ವಲ್ಪ ಯೋಚಿಸಿದವನಂತೆ ಮಾಡಿ, "ಬಿಸಿನೀರಿನಲ್ಲಿ ನೆನೆಹಾಕಿ ನೋಡಿ" ಎನ್ನುತ್ತೇನೆ. ಬಿಸಿನೀರಿನಿಂದ ಯಾರಿಗೂ ಕೇಡಾದದ್ದಿಲ್ಲ. ಹಾಳಾದ್ದು, ಕೆಲವೊಮ್ಮೆ ಗುಣವೂ ಆಗಿಬಿಡುತ್ತದೆ. ಮರುದಿನ ಮೆಟ್ಟಿಲ ಮೇಲೆ ಇನ್ನಿಬ್ಬರು ಹೆಚ್ಚಾಗುತ್ತಾರೆ. ಇಂಟರ್ ಪರೀಕ್ಷೆಯಲ್ಲಿ ರಸಾಯನಶಾಸ್ತ್ರವೇ ನನ್ನನ್ನು ಉರುಳಿಸಿದ್ದು ಎಂದು ಇವರಿಗೆ ಹೇಗೆ ಹೇಳಲಿ? ಆ ಶಾಸ್ತ್ರದಲ್ಲಿ ನನಗೆ ನೆನಪಿದ್ದದ್ದು ಮಾಸ್ತರರ ಕೆಮ್ಮು ಮತ್ತು ಬಣ್ಣ ಬದಲಾಯಿಸುವ ಲಿಟ್ಮಸ್ ಕಾಗದ, ಅಷ್ಟೇ.

ಈ ಸುಳ್ಳು ಕೀರ್ತಿ ಚಾಳಿನ ಮೆಟ್ಟಿಲಲ್ಲೇ ಇದ್ದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅದು ಹೆಂಡತಿಯ ತಂಗಿ ವಿಮಲಳ ಮದುವೆಯ ತನಕ ಬಂತು. ಮಾವ ತೀರಿಕೊಂಡ ಮೇಲೆ ವಿಮಲಾ ನಮ್ಮ ಜೊತೆಗೇ ಇದ್ದಳು. ಎರಡು ಸಂಬಂಧ ಬಂದು ತಪ್ಪಿ ಹೋಗಿದ್ದವು. ಒಂದಕ್ಕೆ ಜಾತಕ ಅಡ್ಡ ಬಂತು. ಇನ್ನೊಂದರವರು ಉಪ್ಪಿಟ್ಟು ತಿಂದು ಹೋದವರು ಮತ್ತೆ ತಿರುಗಿ ನೋಡಲಿಲ್ಲ. ಅವಳು ಅಳಲಿಲ್ಲ, ಡಬ್ಬ ಹಿಡಿದುಕೊಂಡು ಸೀಮೆಎಣ್ಣೆಯ ಕ್ಯೂವಿಗೆ ಹೋದಳು. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಮೂರನೆಯದನ್ನು ತಂದವರು ಪಕ್ಕದ ಖೋಲಿಯ ಶಾಂತಕ್ಕ. ಹುಡುಗ ರಾಘವ, ಗೋರೆಗಾಂವಿನವನು, ಔಷಧಿ ಫ್ಯಾಕ್ಟರಿಯಲ್ಲಿ ಕೆಮಿಸ್ಟನಂತೆ. ನೋಡಲು ಬಂದ ದಿನ ಇಬ್ಬರೂ ಗ್ಯಾಲರಿಯಲ್ಲಿ ನಿಂತು ಸ್ವಲ್ಪ ಮಾತಾಡಿದರು. ಒಳಗೆ ಬಂದ ವಿಮಲಳ ಮುಖ ನೋಡಿಯೇ ನನ್ನ ಹೆಂಡತಿ ಒಲೆಯ ಮೇಲೆ ಪಾಯಸಕ್ಕೆ ಇಟ್ಟಳು.

ಆಮೇಲೆ ಗೊತ್ತಾಯಿತು ಗುಟ್ಟು. ಹುಡುಗನ ತಾಯಿಯ ಹತ್ತಿರ ಶಾಂತಕ್ಕ, "ಹುಡುಗಿಯ ಭಾವನೂ ದೊಡ್ಡ ಕೆಮಿಸ್ಟು" ಎಂದು ಬಿಟ್ಟಿದ್ದರು. ಆಯಮ್ಮ ಸುಳ್ಳು ಹೇಳುವವರನ್ನು ಹೊಸಿಲು ದಾಟಿಸದ ಹೆಂಗಸು ಎಂದೂ ಅವರೇ ಹೇಳಿದರು. "ಶಾಂತಕ್ಕಾ, ಈಗಲೇ ಹೋಗಿ ನಿಜ ಹೇಳಿಬಿಡಿ" ಎಂದೆ.

"ಸುಮ್ಮನಿರಿ ಮಾರಾಯ್ರೆ! ಮದುವೆ ಒಂದು ಆಗಲಿ, ಆಮೇಲೆ ನೀವು ಬೇಕಾದರೆ ಟೈಪಿಸ್ಟ್ ಆಗಿ."

ವಿಮಲಾ ಇನ್ನೂ ಸುಲಭದ ಉಪಾಯ ಹೇಳಿದಳು: "ಭಾವ, ಆವತ್ತು ನೀವು ಬಾಯಿ ತೆರೆಯಬೇಡಿ, ಸಾಕು."

ಆದರೆ ನಿಜವಾದ ಕೆಮಿಸ್ಟು ಎದುರಿಗೆ ಕೂತು ಏನಾದರೂ ಕೇಳಿದರೆ? ಕೆಳಗಿನ ಮಾಳಿಗೆಯ ಹುಡುಗಿಯೊಬ್ಬಳ ವಿಜ್ಞಾನದ ಪುಸ್ತಕ ಎರವಲು ತಂದು ಲೋಕಲಿನಲ್ಲಿ ಓದತೊಡಗಿದೆ. ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಕೈಯಲ್ಲಿ ಪುಸ್ತಕ, ಬೆನ್ನಿಗೆ ಯಾರದೋ ಊಟದ ಡಬ್ಬಿ. ಈ ವಯಸ್ಸಿನಲ್ಲಿ ನನಗಿದು ಬೇಕಿತ್ತೇ? ಆದರೂ ಒಂದು ಮಾತು ಒಪ್ಪಬೇಕು, ಪುಸ್ತಕ ಚೆನ್ನಾಗಿತ್ತು. ಸೋಡಿಯಂ ಎಂಬುದು ನೀರಿಗೆ ಬಿದ್ದರೆ ಭುಗಿಲ್ಲೆನ್ನುವ ಲೋಹವಂತೆ, ಕ್ಲೋರಿನ್ ಎಂಬುದು ವಿಷದ ಗಾಳಿಯಂತೆ. ಎರಡೂ ಕೂಡಿದರೆ ನಾವು ಸಾರಿಗೆ ಹಾಕುವ ಉಪ್ಪು. ಇಂಥ ಸ್ವಭಾವದವರ ಸಂಬಂಧವೇ ಇಷ್ಟು ಸಲೀಸಾಗಿ ಕೂಡಿಬರುವಾಗ ಪಾಪದ ವಿಮಲಳಿಗೆ ಯಾಕಪ್ಪಾ ಇಷ್ಟು ಕಷ್ಟ ಎಂದುಕೊಂಡೆ. ಹುಳಿಯಾದದ್ದು ಆಮ್ಲ, ಸುಣ್ಣ ಸೋಡಾದಂಥವು ಕ್ಷಾರ, ಒಂದರ ಗುಣವನ್ನು ಇನ್ನೊಂದು ಇಳಿಸುತ್ತದೆ ಎಂಬಲ್ಲಿಗೆ ಬರುವಷ್ಟರಲ್ಲಿ ನಿಶ್ಚಿತಾರ್ಥದ ಭಾನುವಾರ ಬಂದುಬಿಟ್ಟಿತು.

ಬೀಗರು ಬರುವ ಹೊತ್ತಿಗೆ ಹೆಂಡತಿ ಆರತಿಗೆ ಅರಿಶಿನದ ನೀರು ಕದಡಿದಳು. ಕೆಂಪಾಗಲು ಸುಣ್ಣ ಬೇಕು. ಮನೆಯಲ್ಲಿ ಎಲೆಯಡಿಕೆ ಹಾಕುವವರಿಲ್ಲ, ಸುಣ್ಣವೂ ಇಲ್ಲ. "ಬೇಗ ಪಾನ್‌ವಾಲಾನ ಹತ್ತಿರ ಹೋಗಿ ಬನ್ನಿ" ಎಂದಳು. ಮೂರು ಮಾಳಿಗೆ ಇಳಿದು ಹತ್ತಬೇಕು. ಬೆಳಗಿನಿಂದ ಹಾಲು, ಹೂವು, ಎರವಲು ಕುರ್ಚಿ ಎಂದು ಅದನ್ನೇ ಮಾಡಿದ್ದೆ. ಮೊಣಕಾಲು ಒಲ್ಲೆ ಎಂದಿತು, ತಲೆಯೊಳಗಿನ ಹೊಸ ವಿದ್ಯೆ ಹೂಂ ಎಂದಿತು. ಸುಣ್ಣ ಕ್ಷಾರ, ಬಟ್ಟೆ ಒಗೆಯುವ ಸೋಡಾವೂ ಕ್ಷಾರ! ಒಳಗಿನ ಬಚ್ಚಲು ಮೋರಿಯ ಮೂಲೆಯಿಂದ ಒಂದು ಚಿಟಿಕೆ ಸೋಡಾ ತಂದು ತಟ್ಟೆಗೆ ಸುರಿದೆ. ನೀರು ನೋಡನೋಡುತ್ತ ಕೆಂಪಾಯಿತು. "ಅಯ್ಯೋ, ನಿಮಗೆ ನಿಜವಾಗಿಯೂ ಬರುತ್ತದಲ್ಲ!" ಎಂದಳು ಹೆಂಡತಿ. ಮದುವೆಯಾದಂದಿನಿಂದ ಅವಳ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲ.

ಬೀಗರು ಬಂದರು, ಬಾಗಿಲಲ್ಲೇ ಆರತಿ ಎತ್ತಿದ್ದಾಯಿತು. ಅಷ್ಟರಲ್ಲಿ ಶಾಂತಕ್ಕನಿಗೆ ಹಳೆಯ ಎರಡು ಸಂಬಂಧಗಳು ನೆನಪಾದವು. ಹುಡುಗಿಗೆ ಯಾರದೋ ಕಣ್ಣು ಬಿದ್ದಿದೆ ಎಂದು ನಿಂಬೆಹಣ್ಣು ಕೊಯ್ದು ಹುಡುಗ ಹುಡುಗಿ ಇಬ್ಬರಿಗೂ ನಿವಾಳಿಸಿದರು. ಊರಲ್ಲಾದರೆ ಅದನ್ನು ದಾರಿ ಕೂಡುವಲ್ಲಿ ಎಸೆಯಬಹುದು. ಚಾಳಿನ ಮೂರನೇ ಮಾಳಿಗೆಯಿಂದ ಎಸೆದರೆ ಕೆಳಗಿನವರು ಜಗಳಕ್ಕೇ ಬರುತ್ತಾರೆ. ಶಾಂತಕ್ಕ ಅತ್ತಿತ್ತ ನೋಡಿ ಎರಡೂ ಹೋಳನ್ನು ಆರತಿ ತಟ್ಟೆಗೇ ಹಿಂಡಿಬಿಟ್ಟರು.

ತಟ್ಟೆ ಬುಸ್ಸೆಂದಿತು. ನೊರೆ ಉಕ್ಕಿ ಅಂಚು ದಾಟಿತು. ಕೆಂಪು ನೀರು ಎಲ್ಲರ ಕಣ್ಣೆದುರಿಗೇ ಹಳದಿಯಾಗಿ ಕೂತಿತು.

"ದೇವರೇ! ಎಂಥ ಅಪಶಕುನ ಇದು!" ಎಂದು ಹುಡುಗನ ತಾಯಿ ಒಂದು ಹೆಜ್ಜೆ ಹಿಂದೆ ಸರಿದರು. ಅವರ ಹಿಂದೆ ಮೆಟ್ಟಿಲು. ಬಾಗಿಲಲ್ಲಿದ್ದ ವಿಮಲಳ ಮುಖ ಬಿಳಿಚಿಕೊಂಡಿತು. ಸೀಮೆಎಣ್ಣೆ ಡಬ್ಬ ಎತ್ತಿಕೊಂಡ ದಿನದ ಮುಖವೇ. ಸುಣ್ಣ ಹಾಕಿದ್ದರೆ ಬಣ್ಣ ಬದಲಾದರೂ ಈ ಬುಸುಗುಡುವಿಕೆ ಇರುತ್ತಿರಲಿಲ್ಲ. ಅದು ಪೂರ್ತಿ ನನ್ನ ಮೊಣಕಾಲಿನ ಪ್ರಸಾದ. ಬಾಯಿ ತೆರೆಯಬೇಡಿ ಎಂದಿದ್ದಳು, ಆದರೆ ತೆರೆದೆ.

"ಹೆದರಬೇಡಿ ಅಮ್ಮ. ಇದು ಅರಿಶಿನದ ಗುಣ. ಕ್ಷಾರ ತಾಗಿದರೆ ಕೆಂಪು, ಹುಳಿ ತಾಗಿದರೆ ಮತ್ತೆ ಹಳದಿ. ಸೋಡಾಕ್ಕೆ ಹುಳಿ ಬಿದ್ದರೆ ಗಾಳಿ ಹೊರಡುತ್ತದೆ, ಅದೇ ನೊರೆ. ಗೋಲಿ ಸೋಡಾದಲ್ಲಿ ನಾವು ದುಡ್ಡು ಕೊಟ್ಟು ಕುಡಿಯುವುದೂ ಇದೇ ಗಾಳಿಯನ್ನು." ಮೋರಿಯಿಂದ ಇನ್ನಷ್ಟು ಸೋಡಾ ತಂದು ಉದುರಿಸಿದೆ. ಇನ್ನೊಮ್ಮೆ ಬುಸ್ಸೆಂದು ನೊರೆ ಇಳಿಯಿತು, ನೀರು ಮತ್ತೆ ಕೆಂಪಾಯಿತು.

ಆಯಮ್ಮ ನನ್ನನ್ನು ನಂಬಲಿಲ್ಲ. ಮಗನ ಕಡೆ ತಿರುಗಿದರು. "ಹೌದಾ ರಾಘವ?"

ರಾಘವ ತಟ್ಟೆಯನ್ನು ನೋಡಿದ. ವಿಮಲಳನ್ನು ನೋಡಿದ. "ಹೌದಮ್ಮ, ಭಾವ ಹೇಳಿದ್ದು ಸರಿ. ನಮ್ಮ ಲ್ಯಾಬಿನಲ್ಲಿ ದಿನಾ ಆಗುವುದೇ ಇದು" ಎಂದ. ಆಯಮ್ಮ ನಿಟ್ಟುಸಿರು ಬಿಟ್ಟು ಒಳಗೆ ಬಂದು ಕೂತರು. ತಾಂಬೂಲ ಬದಲಾಯಿತು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನಾನು ಕೈ ತೊಳೆಯಲು ಗ್ಯಾಲರಿಗೆ ಬಂದೆ. ರಾಘವ ಹಿಂದೆಯೇ ಬಂದು ಮೆಲ್ಲಗೆ ಕೇಳಿದ: "ಭಾವ, ಈ ಕ್ಷಾರ ಅಂದರೆ ಎಂತ?"

ಪರೀಕ್ಷೆ ಶುರುವಾಯಿತು ಎಂದುಕೊಂಡೆ. "ನಿಮಗೆ ಗೊತ್ತಿಲ್ಲದ್ದಾ?" ಎಂದೆ.

"ನಾನು ಬಾಟಲಿಗೆ ಲೇಬಲ್ ಹಚ್ಚುವ ವಿಭಾಗದಲ್ಲಿ, ಭಾವ. ಅಮ್ಮನಿಗೆ ಗೊತ್ತಿಲ್ಲ. ವಿಮಲಾಗೆ ಆವತ್ತೇ ಹೇಳಿದ್ದೇನೆ. ಅವಳು ನಕ್ಕು, 'ಪರವಾಗಿಲ್ಲ, ನಮ್ಮ ಭಾವನ ಹತ್ತಿರ ಕಲಿತುಕೊಳ್ಳಿ' ಅಂದಳು."

ನನಗೆ ರೇಗಿ ಹೋಯಿತು. ಎಂಥ ಮೋಸ! ಹೆಣ್ಣಿನ ಕಡೆಯವರ ಕಣ್ಣಿಗೆ ಮಣ್ಣೆರಚುವುದೆಂದರೇನು! ಒಳಗೆ ಹೋಗಿ ಎಲ್ಲರೆದುರು ಕೂಗಿ ಹೇಳಬೇಕು ಎಂದು ಹೊರಟವನು ಎರಡು ಹೆಜ್ಜೆಗೆ ನಿಂತೆ. ಯಾವ ಬಾಯಲ್ಲಿ ಹೇಳುವುದು? ವಾಪಸು ಬಂದು ಆಮ್ಲ, ಕ್ಷಾರ, ಉಪ್ಪು ಎಂದು ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿಕೊಟ್ಟೆ. ಬಹಳ ಬೇಗ ಮುಗಿದುಹೋಯಿತು, ಅದಕ್ಕೇ ಇನ್ನೊಂದು ಸಲ ಹೇಳಿದೆ. ಅವನು ಕೈಕಟ್ಟಿ ಕೇಳುತ್ತಿದ್ದ.

"ನೋಡಿ, ಇಬ್ಬರು ಕೆಮಿಸ್ಟರು ಸಿಕ್ಕಿದರೆ ಊಟದ ನೆನಪೂ ಇಲ್ಲ!" ಎಂದು ಒಳಗಿನಿಂದ ಅವನ ತಾಯಿ ಸಂತೋಷದಿಂದ ಹೇಳುವುದು ಕೇಳಿಸಿತು. ನಾನು ದಿನವಿಡೀ ಏನು ಕುಟ್ಟುತ್ತೇನೆಂದು ಚೆನ್ನಾಗಿ ಬಲ್ಲ ನನ್ನ ಹೆಂಡತಿ, "ಹೌದಮ್ಮ, ಇವರದ್ದು ಮನೆಯಲ್ಲೂ ಹೀಗೇ" ಎಂದಳು, ಒಂದಿಷ್ಟೂ ಅಳುಕದೆ.

ಹೋಳಿಗೆಯ ವಾಸನೆ ಬರುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಅಷ್ಟರಲ್ಲಿ ರಾಘವ, "ಭಾವ, ಹಾಗಾದರೆ ಹಾಲು ಆಮ್ಲವೋ ಕ್ಷಾರವೋ?" ಎಂದ. ನಾನು ಅವನ ಹೆಗಲ ಮೇಲೆ ಕೈಯಿಟ್ಟು, "ಎಲ್ಲವನ್ನೂ ಒಂದೇ ದಿನ ಕಲಿಯಲಿಕ್ಕೆ ಹೋಗಬಾರದು, ರಾಘವ" ಎಂದು ಗಂಭೀರವಾಗಿ ಹೇಳಿ ಊಟಕ್ಕೆ ನಡೆದೆ.