ಮಾವನ ಜೀಪಿನ ಜೀರ್ಣೋದ್ಧಾರ

ವಿಜಯನಗರದ ನಮ್ಮ ಮನೆಯಲ್ಲಿ ಕೆಟ್ಟುಹೋದ ವಸ್ತುಗಳನ್ನು ರಿಪೇರಿ ಮಾಡುವ ಸಂಪೂರ್ಣ ಅಧಿಕಾರ ನನ್ನದು. ಯಾರೂ ಕೊಟ್ಟದ್ದಲ್ಲ, ನಾನೇ ತೆಗೆದುಕೊಂಡದ್ದು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೀಸರು, ಹೀಗೆ ನನ್ನ ಕೈ ಸೋಕದೆ ನೇರವಾಗಿ ಗುಜರಿಗೆ ಹೋದ ವಸ್ತು ನಮ್ಮಲ್ಲಿ ಒಂದೂ ಇಲ್ಲ. ಎಲ್ಲವೂ ನನ್ನ ಕೈ ಸೋಕಿದ ಮೇಲೆಯೇ ಹೋಗಿವೆ.

ಹೀಗಿರುವಾಗ ನನ್ನ ಮಾವ ಹೊನ್ನಗಂಗಯ್ಯನವರು ಒಂದು ಭಾನುವಾರ ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಾ ಜೀಪಿನ ಮಾತು ತೆಗೆದರು. ಅವರು ಕೆಂಗೇರಿಯ ಹಳೇ ಊರಿನವರು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅವರ ಹಳೆಯ ಜೀಪು ಇಪ್ಪತ್ತು ವರ್ಷದಿಂದ ನಿಂತಿತ್ತು. ಒಳಗೆ ಕೋಳಿಗಳು ಸಂಸಾರ ಹೂಡಿದ್ದವು. ಐವತ್ತು ವರ್ಷದ ಹಿಂದೆ ಮಾಗಡಿ ರೋಡಿನ ತವರುಮನೆಯಿಂದ ನಮ್ಮ ಅತ್ತೆಯನ್ನು ಮದುವೆ ಮಾಡಿಕೊಂಡು ಕರೆತಂದದ್ದು ಅದೇ ಜೀಪಿನಲ್ಲಂತೆ.

"ಕಾರ್ತೀಕಕ್ಕೆ ಐವತ್ತು ವರ್ಷ ತುಂಬ್ತದೆ ಅಳಿಯಂದ್ರೆ. ನಿಮ್ಮತ್ತೇನ ಇನ್ನೊಂದ್ಸಲ ಅದ್ರಲ್ಲೇ ಕೂರಿಸ್ಕೊಂಡು, ಅದೇ ದಾರೀಲಿ ಬರ್ಬೇಕು ಅಂತ ಒಂದಾಸೆ," ಎಂದರು.

ಮಾವ ನನ್ನನ್ನು ಅದುವರೆಗೆ ಒಂದು ಲೋಟ ನೀರನ್ನೂ ಕೇಳಿದವರಲ್ಲ. ಕೇಳಿದ ಮೊದಲನೆಯದೇ ಇದು. ಇಂಜಿನ್ ಕೆಲಸ ಮಾತ್ರ ಮೆಕ್ಯಾನಿಕ್ಕಿಗೆ, ಮೇಲಿನ ತಗಡಿನ ಮೈ ಮತ್ತು ಕೆಳಗೆ ಅದನ್ನು ಹೊತ್ತ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿ, ಎರಡೂ ನನ್ನ ಜವಾಬ್ದಾರಿ ಎಂದು ಅಲ್ಲೇ ಘೋಷಿಸಿಬಿಟ್ಟೆ. ನನ್ನ ಹೆಂಡತಿ ಪ್ರಭಾ ತಟ್ಟೆ ಎತ್ತುತ್ತಿದ್ದವಳು ಒಂದು ಕ್ಷಣ ನಿಂತಳು. ಆಮೇಲೆ ತಂದೆಯ ಕಡೆ ತಿರುಗಿ, "ಅಪ್ಪ, ಯಾವುದಕ್ಕೂ ಒಂದು ಫೋಟೋ ತೆಗ್ದಿಟ್ಕೊಳ್ಳಿ," ಎಂದಳು.

ನನ್ನ ಧೈರ್ಯಕ್ಕೆ ಆಧಾರವಿತ್ತು. ನಾನು ಇಪ್ಪತ್ತಾರು ವರ್ಷದಿಂದ ಇನ್ಶೂರೆನ್ಸ್ ಕಚೇರಿಯ ವಾಹನ ವಿಭಾಗದಲ್ಲಿದ್ದೇನೆ. ಯಾರದೇ ಅರ್ಜಿ ಬರಲಿ, ಪಾಲಿಸಿ ನಂಬರೋ ಚಾಸಿ ನಂಬರೋ, ಒಂದೇ ಒಂದು ಅಂಕಿ ಮಸುಕಾಗಿದ್ದರೂ ಸಾಕು, ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ "ಸ್ಪಷ್ಟತೆ ಇಲ್ಲ, ವಾಪಸ್" ಎಂದು ಬರೆದು ಕಳಿಸುತ್ತೇನೆ. ನನ್ನ ಹೆಸರು ಕೇಳಿದರೆ ಏಜೆಂಟರು ಇನ್ನೊಂದು ಕೌಂಟರಿಗೆ ಹೋಗುತ್ತಾರೆ. ವಾಹನಗಳ ಬಗ್ಗೆ ಇಷ್ಟು ಕಾಗದ ಓದಿದ ಮನುಷ್ಯನಿಗೆ ಒಂದು ಜೀಪು ಯಾವ ಲೆಕ್ಕ!

ಜೀಪನ್ನು ಕಟ್ಟಿ ಎಳೆದು ತಂದವರು ದೀಪಾಂಜಲಿ ನಗರದಲ್ಲಿ ಟಿಂಕರಿಂಗ್ ಅಂಗಡಿ ಇಟ್ಟಿರುವ ನಯಾಜ್ ಭಾಯ್. ಮನೆ ಪಕ್ಕದ ಖಾಲಿ ಸೈಟಿನಲ್ಲಿ ಜೀಪು ಸ್ಥಾಪನೆಯಾಯಿತು. ಮೈಯನ್ನೂ ಚಾಸಿಯನ್ನೂ ಅವರೇ ಬೇರೆ ಮಾಡಿಕೊಟ್ಟರು.

ಮೊದಲ ವಾರ ಜೀಪಿನ ನೆಲದ ತಗಡಿನ ತುಕ್ಕು ತೆಗೆದೆ. ಬಣ್ಣದ ಅಂಗಡಿಯವನು ಕೊಟ್ಟ ದ್ರಾವಣವನ್ನು ಧಾರಾಳವಾಗಿ ಸುರಿದು ತಂತಿ ಬ್ರಷ್ಷಿನಿಂದ ತಿಕ್ಕಿದೆ. ತುಕ್ಕೆಲ್ಲ ಹೋಯಿತು. ಜೊತೆಗೆ ನೆಲವೂ ಹೋಯಿತು. ಇಷ್ಟು ವರ್ಷ ಅಲ್ಲಿ ನೆಲವಾಗಿ ಸೇವೆ ಸಲ್ಲಿಸುತ್ತಿದ್ದದ್ದು ತುಕ್ಕೇ ಎಂದು ಆಗ ಗೊತ್ತಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನಗೆ ಹಾಗೆ ಅನ್ನುವುದಕ್ಕೂ ನೆಲ ಉಳಿದಿರಲಿಲ್ಲ. ನಯಾಜ್ ಭಾಯ್ ಬಂದು ಹೊಸ ತಗಡು ಕತ್ತರಿಸಿ ಬೆಸುಗೆ ಹಾಕಿಕೊಟ್ಟರು.

ಎರಡನೇ ವಾರ ಬಾಗಿಲ ಪಕ್ಕದ ತಗ್ಗುಗಳಿಗೆ ಪುಟ್ಟಿ ಮೆತ್ತಿದೆ. ಅದಕ್ಕೆ ಬೇಕಾದ ಚಪ್ಪಟೆ ಪಟ್ಟಿ ಸಿಗದೆ ಅಡುಗೆಮನೆಯ ದೋಸೆ ಮಗುಚುವ ಕೈ ಬಳಸಿದೆ. ಎಷ್ಟು ಹದವಾಗಿ ಕೂತಿತೆಂದರೆ ತಗ್ಗಿದ್ದ ಜಾಗಗಳೆಲ್ಲ ಈಗ ಉಬ್ಬಿದವು. ಆ ತಿಂಗಳು ನಮ್ಮ ಮನೆಯಲ್ಲಿ ದೋಸೆ ಆಗಲಿಲ್ಲ. ಕಾರಣ ಕೇಳುವ ಧೈರ್ಯ ನನಗಿರಲಿಲ್ಲ.

ಮೂರನೇ ವಾರ ಚಾಸಿಯ ಸರದಿ. ಕಬ್ಬಿಣ ಉಜ್ಜುವ ಗ್ರೈಂಡರ್ ಬಾಡಿಗೆಗೆ ತಂದೆ. ನಯಾಜ್ ಭಾಯ್ ಟೀ ಕುಡಿಯುತ್ತಾ ನೋಡುತ್ತಿದ್ದವರು, "ಸಾರ್, ಬಾಕಿ ಕಡೆ ಎಲ್ಲಾ ಹೊಡೀರಿ, ಆ ಬಲಗಡೆ ಮಾತ್ರ ಸ್ವಲ್ಪ..." ಎಂದು ಶುರು ಮಾಡಿದರು.

ನಾನು ಕೈ ಎತ್ತಿ ತಡೆದೆ. "ಭಾಯ್, ವೆಹಿಕಲ್ ವಿಷ್ಯ ನಂಗೆ ಹೇಳ್ಬೇಡಿ. ಇಪ್ಪತ್ತಾರು ವರ್ಷದಿಂದ ಇದೇ ಕೆಲ್ಸ."

ಅವರು ನನ್ನ ಮುಖವನ್ನೊಮ್ಮೆ, ಗ್ರೈಂಡರನ್ನೊಮ್ಮೆ ನೋಡಿ "ಸರಿ ಸಾರ್" ಎಂದು ಲೋಟ ಇಟ್ಟು ಹೊರಟುಹೋದರು.

ಚಾಸಿಯ ಬಲಗಡೆ, ಮುಂಚಕ್ರದ ಹತ್ತಿರ ತುಕ್ಕು ಬಹಳ ಆಳಕ್ಕಿಳಿದಿತ್ತು. ಹಳೇ ಬಣ್ಣದ ಕೆಳಗೆ ಸಣ್ಣ ಸಣ್ಣ ಕುಳಿಗಳು, ಅವೂ ಒಂದೇ ಸಾಲಿನಲ್ಲಿ, ಒಂದೇ ಎತ್ತರದಲ್ಲಿ, ಸಮನಾದ ಅಂತರದಲ್ಲಿ. ತುಕ್ಕಿಗೂ ಇಷ್ಟು ಶಿಸ್ತು ಇರುತ್ತದೆಯೇ ಎಂದು ನನಗೇ ಆಶ್ಚರ್ಯವಾಯಿತು. ಆದರೆ ಬಿಡಲಿಲ್ಲ. ಇಡೀ ಒಂದು ಭಾನುವಾರ ಆ ಒಂದು ಗೇಣು ಜಾಗಕ್ಕೇ ಮೀಸಲಿಟ್ಟೆ. ಗ್ರೈಂಡರ್ ಹಿಡಿದೆ, ಉಳಿದ ಗುರುತಿಗೆ ಪುಟ್ಟಿ ತುಂಬಿದೆ, ವಾಟರ್ ಪೇಪರ್ ಎಂಬ ಮರಳುಕಾಗದದಿಂದ ಉಜ್ಜಿದೆ, ಎರಡು ಕೋಟು ಕಪ್ಪು ಬಣ್ಣ ಬಳಿದೆ. ಕೈಯಾಡಿಸಿದರೆ ಬಾಳೆದಿಂಡಿನಷ್ಟು ನುಣುಪು. ಇಡೀ ಜೀಪಿನಲ್ಲಿ ಯಾರ ಸಹಾಯವೂ ಇಲ್ಲದೆ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಮೈಯನ್ನು ಚಾಸಿಯ ಮೇಲೆ ಕೂರಿಸಿ ಹಸಿರು ಬಣ್ಣ ಹೊಡೆಸಿದೆವು. ಮೆಕ್ಯಾನಿಕ್ಕನ ದಯೆಯಿಂದ ಇಂಜಿನ್ ಸದ್ದು ಮಾಡಿತು. ಮಾವ ಬಂದು ಜೀಪಿನ ಸುತ್ತ ಎರಡು ಸಲ ಸುತ್ತಿದರು. ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಆವತ್ತು ರಾತ್ರಿ ಪ್ರಭಾ ದೋಸೆ ಮಾಡಿದಳು.

ಉಳಿದದ್ದು ಒಂದೇ. ಜೀಪಿನ ನೋಂದಣಿಯ ಅವಧಿ ಮುಗಿದು ಎಷ್ಟೋ ವರ್ಷವಾಗಿತ್ತು. ಅದನ್ನು ನವೀಕರಿಸದೆ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಸಮಾರಂಭಕ್ಕೆ ನಾಲ್ಕು ದಿನ ಇರುವಾಗ ನಯಾಜ್ ಭಾಯಿಯ ಗಾಡಿಗೆ ಕಟ್ಟಿ ಆರ್‌ಟಿಒ ಮೈದಾನಕ್ಕೆ ಒಯ್ದೆವು. ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಹಳ ಸೌಜನ್ಯವಂತೆ. ಬ್ರೇಕು ನೋಡಿದರು, ದೀಪ ನೋಡಿದರು, ತಲೆಯಾಡಿಸಿದರು. ಆಮೇಲೆ ಒಂದು ತೆಳ್ಳನೆಯ ಕಾಗದ, ಒಂದು ಪೆನ್ಸಿಲ್ ಹಿಡಿದು ಬಲಗಡೆ ಚಕ್ರದ ಹತ್ತಿರ ಬಗ್ಗಿದರು. ಚಾಸಿಯ ಮೇಲೆ ಕೆತ್ತಿದ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಅಂಥ ಪೆನ್ಸಿಲ್ ಅಚ್ಚುಗಳನ್ನು ನನ್ನ ಮೇಜಿನ ಮೇಲೆ ನಾನು ಸಾವಿರಾರು ನೋಡಿದ್ದೇನೆ. ಕಬ್ಬಿಣದ ಮೇಲಿನ ನಂಬರನ್ನು ಮಾತ್ರ ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ.

ಅವರು ಪೆನ್ಸಿಲ್ ಉಜ್ಜಿದರು. ಕಾಗದ ಕಪ್ಪಾಯಿತು. ಏನೂ ಮೂಡಲಿಲ್ಲ. ಕೈಯಿಂದ ಸವರಿ ನೋಡಿದರು.

"ಫಿನಿಶಿಂಗ್ ತುಂಬಾ ಚೆನ್ನಾಗಿದೆ ಸಾರ್," ಎಂದರು. "ನಂಬರ್ ಎಲ್ಲಿ?"

ಆ ಶಿಸ್ತಿನ ತುಕ್ಕು ನನ್ನ ಕಣ್ಣ ಮುಂದೆ ಬಂತು. ನಯಾಜ್ ಭಾಯ್ ಆಕಾಶ ನೋಡುತ್ತಿದ್ದರು. ಸಾಮಾನ್ಯವಾಗಿ ಚಾಸಿ ನಂಬರ್ ಉಜ್ಜಿ ತೆಗೆಯುವವರು ಗಾಡಿ ಕಳ್ಳರು ಎಂದು ಮೇಡಂ ಬಹಳ ಮೃದುವಾಗಿ ವಿವರಿಸಿದರು. ನಾನು ಏನು ಕೆಲಸ ಮಾಡುವುದೆಂದು ಕೇಳಿದರು. ಇನ್ಶೂರೆನ್ಸ್ ಎಂದೆ. ಯಾವ ಸೆಕ್ಷನ್ ಎಂದರು. ವೆಹಿಕಲ್ ಎಂದೆ. ಅವರು ಪೆನ್ಸಿಲ್ ಕೆಳಗಿಟ್ಟರು.

ಹಳೇ ದಾಖಲೆಗಳೆಲ್ಲ ಸರಿಯಾಗಿದ್ದುದರಿಂದ ನಾನು ಕಳ್ಳನಲ್ಲ ಎಂದು ಸಾಬೀತಾಯಿತು. ಹಾಗಾದರೆ ನಾನು ಇನ್ನೇನು ಎಂಬುದಕ್ಕೆ ಅವರ ಹತ್ತಿರ ನಮೂನೆ ಇರಲಿಲ್ಲ. ಮಾಲೀಕರು ಅರ್ಜಿ ಕೊಟ್ಟರೆ, ಅಪ್ಪಣೆಯಾದ ಮೇಲೆ ನಂಬರನ್ನು ಮತ್ತೆ ಕೆತ್ತಿಸಬಹುದು, ಆದರೆ ನಾಲ್ಕು ದಿನದಲ್ಲಿ ಸಾಧ್ಯವಿಲ್ಲ ಎಂದರು. ಫೈಲಿನ ಮೇಲೆ ಬರೆದು ನನ್ನ ಕೈಗಿತ್ತರು: "ಗುರುತು ಸ್ಪಷ್ಟವಿಲ್ಲ. ವಾಪಸ್." ಶಾಯಿಯೂ ಕೆಂಪೇ.

ಮಾವನಿಗೆ ಹೇಳಬೇಕಾಯಿತು. ಪ್ರಭಾಳನ್ನೂ ಕರೆದುಕೊಂಡು ಹೋಗಿ, ಕೆಂಗೇರಿಯ ಜಗಲಿಯ ಮೇಲೆ ಕೂತು ಎಲ್ಲವನ್ನೂ ಒಪ್ಪಿಸಿದೆ. ಅವರು ಎಲೆಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡು, "ಹೋಗ್ಲಿ ಬಿಡಿ. ಆಟೋದಲ್ಲಿ ಬಂದ್ರಾಯ್ತು," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಗ ಒಳಗಿನಿಂದ ಅತ್ತೆ ಅವರೆಕಾಯಿ ಸುಲಿಯುತ್ತಿದ್ದ ಮೊರದೊಂದಿಗೇ ಹೊರಗೆ ಬಂದರು. "ಆಟೋ ಯಾಕೆ? ಹಗ್ಗ ಕಟ್ಟಿ ಎಳೆಸಿ," ಎಂದರು. "ಮದ್ವೆ ದಿವ್ಸಾನಾದ್ರೂ ಓಡ್ಸ್ಕೊಂಡ್ ಬಂದ್ರಾ ನಿಮ್ಮಾವ? ಅರ್ಧ ದಾರೀಲೇ ನಿಂತೋಯ್ತು. ಯಾರ್ದೋ ಎತ್ತು ಕಟ್ಟಿ ಎಳೆಸ್ಕೊಂಡು ಬಂದಿದ್ದು."

ಪ್ರಭಾ ತಂದೆಯ ಮುಖ ನೋಡಿದಳು. ಐವತ್ತು ವರ್ಷದಿಂದ ಮಕ್ಕಳಿಗೆ ಹೇಳದೆ ಬಚ್ಚಿಟ್ಟ ವಿಷಯ ಅದು. ಮಾವ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮಗ್ನರಾದರು.

ನಾಲ್ಕನೇ ದಿನ ಬೆಳಿಗ್ಗೆ ಮಾಗಡಿ ರೋಡಿನಿಂದ ಮೆರವಣಿಗೆ ಹೊರಟಿತು. ಮುಂದೆ ನಯಾಜ್ ಭಾಯಿಯ ಗಾಡಿ, ಹಿಂದೆ ಹಗ್ಗದ ತುದಿಯಲ್ಲಿ ಸೇವಂತಿಗೆ ಹಾರ ಹಾಕಿದ ಜೀಪು. ಇಂಜಿನ್ ಬಂದ್ ಆಗಿದ್ದರೂ ಮಾವ ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಪ್ರತಿ ತಿರುವಿನಲ್ಲೂ ಕೈ ಹೊರಗೆ ಚಾಚಿ ಸಿಗ್ನಲ್ ಕೊಡುತ್ತಿದ್ದರು. ಅತ್ತೆ ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದರು, ಸೆರಗು ಬಾಯಿಗಿಟ್ಟುಕೊಂಡು ಕೆಂಗೇರಿವರೆಗೂ ನಕ್ಕರು. ನಾನು ಹಿಂದಿನಿಂದ ಸ್ಕೂಟರಿನಲ್ಲಿ, ಉದುರಿ ಬೀಳಬಹುದಾದ ಭಾಗಗಳನ್ನು ಆಯ್ದುಕೊಳ್ಳಲು ಹೊರಟಿದ್ದೆ. ಹಾಗೆ ಸಿಕ್ಕಿದ್ದು ಒಂದು ಕನ್ನಡಿ ಮಾತ್ರ.

ಮರುವಾರ ನಂಬರ್ ಕೆತ್ತಿಸುವ ಅರ್ಜಿ ತುಂಬಬೇಕಾಯಿತು. ಅದರಲ್ಲಿ "ನಂಬರ್ ನಾಶವಾಗಲು ಕಾರಣ" ಎಂಬ ಒಂದು ಕಾಲಂ. ಹವಾಮಾನ, ಲೋಹದ ಗುಣ, ಸದುದ್ದೇಶ ಎಲ್ಲವನ್ನೂ ಸೇರಿಸಿ ನಾನು ಪ್ರತ್ಯೇಕ ಹಾಳೆಯಲ್ಲಿ ಎರಡು ಪುಟ ಬರೆದಿದ್ದೆ. ಮಾವ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ಪೆನ್ನು ಇಸಿದುಕೊಂಡು, ಕಾಲಂನಲ್ಲಿ ತಾವೇ ಗುಂಡಗೆ ಎರಡು ಪದ ಬರೆದು ಸಹಿ ಹಾಕಿದರು: "ನಮ್ಮ ಅಳಿಯಂದಿರು."

ಆರ್‌ಟಿಒ ಕೌಂಟರಿನವರು ಓದಿದರು, ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದರು, ಠಪ್ಪೆಂದು ಮುದ್ರೆ ಒತ್ತಿದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಷ್ಟು ಸ್ಪಷ್ಟವಾದ ಅರ್ಜಿಯನ್ನು ಇಪ್ಪತ್ತಾರು ವರ್ಷದಲ್ಲಿ ನಾನೂ ನೋಡಿರಲಿಲ್ಲ.